ಸವಾರನ ಸೊಂಟಕ್ಕೊಂದು ಆಸರೆ

ಮಳೆಗಾಲ ಮುಗಿದು ಮೈಸೂರಿನ ಬೈಕುಗಳು ಊಟಿ, ಮಡಿಕೇರಿ, ಬಿಳಿಗಿರಿರಂಗನ ಬೆಟ್ಟದ ಕಡೆ ಮುಖ ಮಾಡುವ ಹೊತ್ತಿಗೆ ಈ ಅಂಕಣಕ್ಕೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. "ಸಾರ್, ಹಿಂದೆ ಕೂರೋರಿಗೆ ಒರಗೋಕೆ ಬ್ಯಾಕ್‌ರೆಸ್ಟ್ ಸಿಗುತ್ತೆ. ಗಾಡಿ ಓಡಿಸೋರಿಗೆ ಯಾಕಿಲ್ಲ? ಹಾಕಿಸಿದ್ರೆ ಸೊಂಟನೋವು ಕಡಿಮೆ ಆಗುತ್ತಾ?" ಕೇಳುವವರಲ್ಲಿ ಬಹಳಷ್ಟು ಮಂದಿ ನಲವತ್ತೈದು ದಾಟಿದವರು. ವಾರವಿಡೀ ಆಫೀಸಿನ ಕುರ್ಚಿಯಲ್ಲಿ ಕೂತು, ಭಾನುವಾರ ಬೆಳಿಗ್ಗೆ ಬೈಕ್ ಹತ್ತುವವರು. ಗುಂಡ್ಲುಪೇಟೆ ಬರುವಷ್ಟರಲ್ಲಿ ನಡು ಹಿಡಿದುಕೊಳ್ಳುತ್ತದೆ ಎಂಬುದು ಅವರೆಲ್ಲರ ಒಂದೇ ದೂರು.

ಈ ಪ್ರಶ್ನೆಗೆ ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರ ಹೇಳಿದರೆ ಅನ್ಯಾಯವಾಗುತ್ತದೆ. ಸವಾರನ ಬೆನ್ನಿಗೆ ಆಸರೆ ಕೊಡುವುದರಿಂದ ಉಪಯೋಗ ಇದೆ. ಆದರೆ ಎಲ್ಲ ಬೈಕಿಗೂ ಇಲ್ಲ, ಎಲ್ಲ ಸೊಂಟಕ್ಕೂ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಅದು ಮೊದಲು ಮಾಡಬೇಕಾದ ಕೆಲಸವಲ್ಲ, ಕೊನೆಯದು.

ಅಂಗಡಿಗೆ ಹೋಗಿ ಬ್ಯಾಕ್‌ರೆಸ್ಟ್ ಕೇಳಿದರೆ ಕೈಗೆ ಬರುವುದು ಹಿಂಬದಿ ಸವಾರರದ್ದು. ಬಜಾಜ್ ಅವೆಂಜರ್ ಕ್ರೂಸರ್, ರಾಯಲ್ ಎನ್‌ಫೀಲ್ಡ್ ಥಂಡರ್‌ಬರ್ಡ್ ಕಾಲದಿಂದಲೂ ನಮ್ಮವರ ಕಣ್ಣಿಗೆ ಬಿದ್ದಿರುವುದು ಅದೇ. 2020ರ ನವೆಂಬರ್‌ನಲ್ಲಿ ಬಂದ ಮೀಟಿಯರ್ 350ರ ಸ್ಟೆಲ್ಲಾರ್ ಮತ್ತು ಸೂಪರ್‌ನೋವಾ ಮಾದರಿಗಳಲ್ಲಿ ಕಂಪನಿಯೇ ಕೂರಿಸಿ ಕೊಟ್ಟದ್ದೂ ಹಿಂದೆ ಕೂರುವವರ ಬೆನ್ನಿಗೆ. ಸವಾರನಿಗೆ ಬೇಕಾದದ್ದು ಬೇರೆಯೇ ವಸ್ತು. ಅದು ಮುಂದಿನ ಸೀಟು ಮುಗಿದು ಹಿಂದಿನ ಸೀಟು ಶುರುವಾಗುವ ಜಾಗದಲ್ಲಿ, ಇಬ್ಬರ ನಡುವೆ ಎದ್ದು ನಿಲ್ಲುತ್ತದೆ. ಅಮೆರಿಕದಲ್ಲಿ ಇದು ಹೊಸದೇನಲ್ಲ. ಹೋಂಡಾ ಕಂಪನಿ 1974ರಲ್ಲಿ ಜಗತ್ತಿಗೆ ತೋರಿಸಿದ ಗೋಲ್ಡ್ ವಿಂಗ್, ಹಾರ್ಲೆಯ ಟೂರಿಂಗ್ ಗಾಡಿಗಳಂಥವನ್ನು ದಿನಕ್ಕೆ ನೂರಾರು ಮೈಲಿ ಓಡಿಸುವವರು ಮುಂದಿನ ಸೀಟಿಗೂ ಆಸರೆ ಕೂರಿಸಿಕೊಳ್ಳುತ್ತಾರೆ. ಕ್ಯಾಲಿಫೋರ್ನಿಯಾದ ಕಾರ್ಬಿನ್‌ನಂಥ ಸೀಟು ತಯಾರಕರು ಬೇಕೆಂದಾಗ ಸಿಕ್ಕಿಸಿ, ಬೇಡವೆಂದಾಗ ಕಿತ್ತಿಡುವ ಬ್ಯಾಕ್‌ರೆಸ್ಟುಗಳನ್ನೇ ಮಾಡಿ ಮಾರುತ್ತಾರೆ. ಅಲ್ಲಿನ ಹೆದ್ದಾರಿ ನೇರ, ಗಾಡಿ ಭಾರ, ಸೀಟು ಸೋಫಾದಷ್ಟು ಅಗಲ. ನಮ್ಮ ರಸ್ತೆಗೆ, ನಮ್ಮ ಸೀಟಿಗೆ ಅದನ್ನು ಇದ್ದ ಹಾಗೇ ತಂದು ಕೂರಿಸಿದರೆ ಹೊಂದುವುದಿಲ್ಲ.

ಮೈಸೂರಿನವರಿಗೆ ಸೀಟಿನ ಸುಖದ ಬಗ್ಗೆ ಅಷ್ಟೊಂದು ಕಟ್ಟುನಿಟ್ಟಿನ ಅಭಿಪ್ರಾಯ ಇರುವುದಕ್ಕೆ ಒಂದು ಹಿನ್ನೆಲೆ ಇದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ. ರುಸ್ತುಂ ಇರಾನಿ 1960ರಲ್ಲಿ ಕಟ್ಟಿದ ಆ ಕಂಪನಿ ಚೆಕೊಸ್ಲೊವಾಕಿಯಾದ ಜಾವಾ ಗಾಡಿಗಳನ್ನು ಇಲ್ಲೇ ತಯಾರಿಸಿತು. 1973ರಿಂದ ಅವೇ ಯೆಜ್ಡಿ ಎಂಬ ಹೆಸರು ಹೊತ್ತವು. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಉತ್ಪಾದನೆ ನಿಂತಿತು. ಕಾರ್ಖಾನೆ ಮುಚ್ಚಿದ ಮೇಲೂ ಗಾಡಿಗಳು ನಿಲ್ಲಲಿಲ್ಲ. ಪ್ರತಿ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನದಂದು ನಗರದ ರಸ್ತೆಯಲ್ಲಿ ಆ ಜೋಡಿ ಸೈಲೆನ್ಸರ್‌ಗಳ ಸದ್ದು ಈಗಲೂ ಕೇಳುತ್ತದೆ. ಆ ಗಾಡಿಯ ಮೇಲೆ ಕೂತವರನ್ನು ಪಕ್ಕದಿಂದ ಗಮನಿಸಬೇಕು. ಉದ್ದಕ್ಕೆ ಚಪ್ಪಟೆಯಾಗಿ ಹಾಸಿದ ಒಂದೇ ಸೀಟು. ಫುಟ್‌ರೆಸ್ಟ್ ಹೆಚ್ಚೂ ಕಡಿಮೆ ಮಂಡಿಯ ಕೆಳಗೆ. ಹ್ಯಾಂಡಲ್ ಕೈಗೆಟಕುವಷ್ಟು ಹತ್ತಿರ. ಬೆನ್ನು ತಾನಾಗಿ ನೆಟ್ಟಗೆ. ಬೇಕೆನಿಸಿದಾಗ ನಾಲ್ಕು ಬೆರಳು ಹಿಂದೆ ಸರಿದು, ಮತ್ತೆ ಮುಂದೆ ಬಂದು ಕೂರುವ ಸ್ವಾತಂತ್ರ್ಯ. ಜಾವಾ ಓಡಿಸಿದ ತಂದೆಯವರು "ನಮಗೆ ಇದ್ಯಾವ ನೋವೂ ಇರಲಿಲ್ಲ" ಎಂದರೆ ಅದರಲ್ಲಿ ಅರ್ಧ ಯೌವನದ ಮಾತು, ಇನ್ನರ್ಧ ಆ ಸೀಟಿನ ಮಾತು.

ಇಂದಿನ ಕ್ರೂಸರ್ ಬೈಕಿನಲ್ಲಿ ಕೂರುವ ರೀತಿಯೇ ಬೇರೆ. ಫುಟ್‌ರೆಸ್ಟ್ ಮುಂದಕ್ಕೆ ಹೋಗಿದೆ, ಸೀಟು ಬಟ್ಟಲಿನ ಹಾಗೆ ತಗ್ಗಾಗಿದೆ. ನೋಡಲು ಆರಾಮಾಸನ. ಮೊದಲ ಇಪ್ಪತ್ತು ನಿಮಿಷ ಅದು ನಿಜಕ್ಕೂ ಆರಾಮವೇ. ಆಮೇಲೆ ಆಗುವುದನ್ನು ಅರ್ಥ ಮಾಡಿಕೊಳ್ಳಲು ದೇಹದ ಒಳಗಿನ ಲೆಕ್ಕ ಸ್ವಲ್ಪ ತಿಳಿಯಬೇಕು.

ನಿಂತಾಗ ನಮ್ಮ ಸೊಂಟದ ಭಾಗದ ಬೆನ್ನೆಲುಬು ಒಳಕ್ಕೆ ಬಾಗಿರುತ್ತದೆ. ಕೂತಾಗ, ಅದರಲ್ಲೂ ಕಾಲು ಮುಂದಕ್ಕೆ ಚಾಚಿ ಕೂತಾಗ, ತೊಡೆಯ ಹಿಂಬದಿಯ ಸ್ನಾಯುಗಳು ಎಳೆದು ಕಟಿಯ ಎಲುಬನ್ನು ಹಿಂದಕ್ಕೆ ವಾಲಿಸುತ್ತವೆ. ಆ ಎಲುಬು ವಾಲಿದೊಡನೆ ಒಳಬಾಗು ಮಾಯವಾಗಿ ಬೆನ್ನು ಹೊರಕ್ಕೆ ಕಮಾನಾಗುತ್ತದೆ. ಕೂತ ಭಾರ ಎರಡು ಕುಂಡೆಯ ಎಲುಬುಗಳ ಮೇಲಿಂದ ಜಾರಿ ಬಾಲಮೂಳೆಯ ಕಡೆಗೆ ಹೋಗುತ್ತದೆ. ಬೆನ್ನನ್ನು ನೆಟ್ಟಗಿಡಲು ಸ್ನಾಯುಗಳು ಒಂದೇ ಸಮನೆ ದುಡಿಯುತ್ತವೆ, ದಣಿದಾಗ ಕೈಬಿಡುತ್ತವೆ, ಆಗ ಕೀಲುಗಳ ಬಂಧಗಳ ಮೇಲೆ, ಬೆನ್ನೆಲುಬಿನ ನಡುವಿನ ಡಿಸ್ಕಿನ ಮೇಲೆ ಹೊರೆ ಬೀಳುತ್ತದೆ. ಗುಂಡ್ಲುಪೇಟೆಯ ಹೊತ್ತಿಗೆ ಹಿಡಿದುಕೊಳ್ಳುವ ನಡು ಎಂದರೆ ಇದೇ.

ಸ್ವೀಡನ್ನಿನ ಮೂಳೆ ವೈದ್ಯ ಆಲ್ಫ್ ನಾಕೆಮ್ಸನ್ 1960ರ ದಶಕದಿಂದ ಈ ಹೊರೆಯನ್ನು ನೇರವಾಗಿ ಅಳೆದವರು. ಬದುಕಿರುವ ಮನುಷ್ಯರ ಡಿಸ್ಕಿನೊಳಗೆ ಸೂಜಿಯಂಥ ಮಾಪಕ ಇಳಿಸಿ ಒತ್ತಡ ನೋಡಿದರು. ನೆಟ್ಟಗೆ ನಿಂತಾಗಿನ ಒತ್ತಡವನ್ನು 100 ಎಂದಿಟ್ಟುಕೊಂಡರೆ, ಆಸರೆಯಿಲ್ಲದೆ ಕೂತಾಗ ಅದು ಸುಮಾರು 140 ಎಂದು ಅವರ ಪ್ರಸಿದ್ಧ ಚಿತ್ರಪಟ ಹೇಳಿತು. 1999ರಲ್ಲಿ ಜರ್ಮನಿಯ ವಿಲ್ಕೆ ಮತ್ತು ಸಂಗಡಿಗರು ಹೊಸ ಉಪಕರಣದಿಂದ ಅಳೆದಾಗ ನಿಲ್ಲುವುದಕ್ಕೂ ಕೂರುವುದಕ್ಕೂ ಅಷ್ಟು ದೊಡ್ಡ ಅಂತರ ಕಾಣಲಿಲ್ಲ. ಹಾಗಾಗಿ ಹಳೆಯ ಅಂಕಿಯನ್ನು ವೇದವಾಕ್ಯ ಎಂದುಕೊಳ್ಳಬೇಕಿಲ್ಲ. ಆದರೆ ನಾಕೆಮ್ಸನ್ ಕಾಲದಲ್ಲೇ ಗುನ್ನಾರ್ ಆಂಡರ್ಸನ್ ಕುರ್ಚಿಗಳ ಮೇಲೆ ನಡೆಸಿದ ಪ್ರಯೋಗಗಳು ತೋರಿಸಿದ ಒಂದು ಸಂಗತಿ ಬೈಕಿಗೂ ಬೇಕಾದದ್ದು: ಬೆನ್ನನ್ನು ಸ್ವಲ್ಪ ಹಿಂದಕ್ಕೆ ಒರಗಿಸಿ, ಸೊಂಟದ ಒಳಬಾಗಿಗೆ ಒಂದು ಒತ್ತು ಕೊಟ್ಟರೆ ಡಿಸ್ಕಿನ ಒತ್ತಡವೂ ಸ್ನಾಯುಗಳ ದುಡಿಮೆಯೂ ಇಳಿಯುತ್ತವೆ. ಅಂದರೆ ಆಸರೆ ಬೇಕಾದ್ದು ಭುಜಕ್ಕಲ್ಲ, ನಡುಬೆನ್ನಿಗೂ ಅಲ್ಲ. ಪ್ಯಾಂಟಿನ ಬೆಲ್ಟು ಕೂರುವ ಜಾಗಕ್ಕೆ, ಅಲ್ಲಿಂದ ಒಂದು ಗೇಣು ಮೇಲಕ್ಕೆ. ಅಷ್ಟೇ.

ಈ ಒಂದು ವಾಕ್ಯ ನೆನಪಿಟ್ಟುಕೊಂಡರೆ ಬಜಾರಿನಲ್ಲಿ ಮೋಸ ಹೋಗುವುದು ತಪ್ಪುತ್ತದೆ. ಎತ್ತರವಾಗಿ, ಅಗಲವಾಗಿ, ಸಿಂಹಾಸನದ ಬೆನ್ನಿನಂತೆ ಕಾಣುವ ಪ್ಯಾಡು ಬೈಕ್ ಸವಾರನಿಗೆ ಉಪಯೋಗಕ್ಕಿಂತ ಉಪದ್ರವ. ಸವಾರನ ಮೈಯ ಮೇಲ್ಭಾಗ ತಿರುಗಬೇಕು, ಹೆಗಲ ಮೇಲಿಂದ ಹಿಂದೆ ನೋಡಬೇಕು, ತಿರುವಿನಲ್ಲಿ ಓರೆಯಾಗಬೇಕು. ಭುಜದ ಎಲುಬಿಗೆ ಪ್ಯಾಡು ತಾಗಿದರೆ ಇವು ಯಾವುವೂ ಸರಾಗವಾಗಿ ಆಗುವುದಿಲ್ಲ.

ಇನ್ನು ಕುಲುಕಾಟದ ಮಾತು. ಕೂತ ಮನುಷ್ಯನ ಬೆನ್ನು ಮೇಲೆ ಕೆಳಗೆ ಒಂದು ನಿರ್ದಿಷ್ಟ ವೇಗದಲ್ಲಿ, ಸೆಕೆಂಡಿಗೆ ನಾಲ್ಕರಿಂದ ಆರು ಸಲ ಅಲುಗಿದಾಗ, ದೇಹ ಆ ಅಲುಗಾಟವನ್ನು ತಗ್ಗಿಸುವ ಬದಲು ಹೆಚ್ಚಿಸಿಕೊಳ್ಳುತ್ತದೆ. ಕಿತ್ತುಹೋದ ಡಾಂಬರು, ಸಾಲು ಸಾಲು ಸಣ್ಣ ಉಬ್ಬುಗಳು ಕೊಡುವ ಏಟು ಸುಮಾರು ಇದೇ ವೇಗದ್ದು. ಬ್ಯಾಕ್‌ರೆಸ್ಟ್ ಈ ಏಟನ್ನು ತಡೆಯುವುದಿಲ್ಲ. ಏಟು ಬರುವುದು ಕೆಳಗಿನಿಂದ, ಆಸರೆ ಇರುವುದು ಹಿಂದೆ. ಗಟ್ಟಿ ಪಟ್ಟಿಗೆ ತೆಳ್ಳನೆಯ ಫೋಮ್ ಹೊದಿಸಿ ಮಾಡಿದ್ದಾದರೆ ಅದು ಪ್ರತಿ ಹಂಪ್‌ನಲ್ಲೂ ಬೆನ್ನಿಗೆ ಬಂದು ಬಡಿಯುತ್ತದೆ. ಸೊಂಟನೋವು ಕುಲುಕಾಟದಿಂದ ಬಂದದ್ದೋ, ಕೂರುವ ರೀತಿಯಿಂದ ಬಂದದ್ದೋ ಎಂದು ಮೊದಲೇ ಬೇರ್ಪಡಿಸಿಕೊಳ್ಳಬೇಕು ಎನ್ನುವುದು ಈ ಕಾರಣಕ್ಕೆ.

ಹಂಪ್‌ಗಳ ವಿಷಯದಲ್ಲಿ ಮೈಸೂರಿನ ಬೈಕ್ ಸವಾರರ ಕಷ್ಟ 2023ರ ನಂತರ ಹೆಚ್ಚಿದೆ. ಆ ವರ್ಷದ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ಬೈಕುಗಳಿಗೆ ಪ್ರವೇಶವಿಲ್ಲ. ವೇಗದ ವಾಹನಗಳ ನಡುವೆ ಜೀವ ಹೋಗಬಾರದೆಂಬ ಕಾರಣ ಒಪ್ಪತಕ್ಕದ್ದೇ. ಆದರೆ ಬೈಕಿನವರ ಪಾಲಿಗೆ ಉಳಿದಿರುವ ಸರ್ವಿಸ್ ರಸ್ತೆಯಲ್ಲಿ ಊರೂರಿಗೂ ಉಬ್ಬು. ಊಟಿ ಕಡೆಗೆ ಹೋದರೆ ಬಂಡೀಪುರದ ಕಾಡಿನಲ್ಲಿ ಪ್ರಾಣಿಗಳ ಸಲುವಾಗಿ ಹಾಕಿದ ಉಬ್ಬುಗಳು, ಅವು ಇರಲೇಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯ ಪ್ರಕಾರ ಉಬ್ಬು 3.7 ಮೀಟರ್ ಅಗಲಕ್ಕೆ ಹರಡಿ, ನಡುವೆ 10 ಸೆಂ.ಮೀ. ಮಾತ್ರ ಏರಿರಬೇಕು, ಗಂಟೆಗೆ 25 ಕಿ.ಮೀ. ವೇಗದಲ್ಲಿ ನೋವಿಲ್ಲದೆ ದಾಟುವ ಹಾಗಿರಬೇಕು. ಬೀದಿಗಳಲ್ಲಿ ರಾತ್ರೋರಾತ್ರಿ ಏಳುವ ಗಿಡ್ಡ ದಿಣ್ಣೆಗಳಿಗೂ ಈ ಅಳತೆಗೂ ಸಂಬಂಧವಿಲ್ಲ. ಅಂಥ ಕಡೆ ಸೊಂಟ ಉಳಿಸುವುದು ಸೀಟಿನ ಹಿಂದಿನ ಪ್ಯಾಡಲ್ಲ, ಫುಟ್‌ರೆಸ್ಟ್ ಮೇಲೆ ಭಾರ ಹಾಕಿ ಕುಂಡೆ ಎರಡು ಬೆರಳು ಮೇಲೆತ್ತುವ ಅಭ್ಯಾಸ. ಕಾಲು ಮುಂದಿರುವ ಕ್ರೂಸರಿನಲ್ಲಿ ಹೀಗೆ ಏಳುವುದು ಕಷ್ಟ. ಅಂಥ ಗಾಡಿಯವರು ವೇಗ ಇಳಿಸುವುದೊಂದೇ ದಾರಿ.

ಹಾಗಾದರೆ ಬ್ಯಾಕ್‌ರೆಸ್ಟ್‌ಗೆ ಮುಂಚೆ ಏನು ಮಾಡಬೇಕು? ಖರ್ಚಿಲ್ಲದ ಕೆಲಸ ಮೊದಲು. ಹಿಂಜೇಬಿನ ಪರ್ಸ್ ತೆಗೆದು ಜಾಕೆಟ್ಟಿಗೆ ಹಾಕುವುದು. ದಪ್ಪ ಪರ್ಸಿನ ಮೇಲೆ ಗಂಟೆಗಟ್ಟಲೆ ಕೂತರೆ ಕಟಿ ಒಂದು ಬದಿಗೆ ಓರೆಯಾಗುತ್ತದೆ, ಕಾಲಿಗೆ ಇಳಿಯುವ ನರದ ಮೇಲೆ ಒತ್ತು ಬೀಳುತ್ತದೆ. ಸಯಾಟಿಕಾ ಎಂದು ಹೆದರಿದವರಲ್ಲಿ ಕೆಲವರ ತೊಂದರೆಗೆ ಪರ್ಸೇ ಕಾರಣವಾಗಿರುತ್ತದೆ. ಆಮೇಲೆ ಹಿಂದಿನ ಶಾಕ್ ಅಬ್ಸಾರ್ಬರ್. ಕ್ಲಾಸಿಕ್ 350, ಮೀಟಿಯರ್ 350 ಎರಡರಲ್ಲೂ ಅದನ್ನು ಆರು ಹಂತಗಳಲ್ಲಿ ಬಿಗಿ, ಸಡಿಲ ಮಾಡಬಹುದು. ಷೋರೂಮಿನಿಂದ ಬಂದ ದಿನ ಎಲ್ಲಿತ್ತೋ ಅಲ್ಲೇ ಬಿಟ್ಟವರು ಎಷ್ಟೋ ಮಂದಿ. ಒಬ್ಬರೇ ಓಡಾಡುವವರು ಒಂದು ಹಂತ ಸಡಿಲಿಸಿ, ಟೈರಿನ ಗಾಳಿಯನ್ನು ಕಂಪನಿ ಹೇಳಿದ ಅಳತೆಗೆ ತಂದರೆ ಅರ್ಧ ಏಟು ಅಲ್ಲೇ ಸಾಯುತ್ತದೆ. ಮೂರನೆಯದು ಹ್ಯಾಂಡಲ್. ಕೈ ಪೂರ್ತಿ ಚಾಚಿ ಹಿಡಿಯಬೇಕಾದರೆ ಭುಜ ಮುಂದೆ ಬರುತ್ತದೆ, ಬೆನ್ನು ಗೂನಾಗುತ್ತದೆ. ಹ್ಯಾಂಡಲನ್ನು ಕ್ಲಾಂಪಿನಲ್ಲೇ ಒಂದಿಷ್ಟು ತಮ್ಮ ಕಡೆ ತಿರುಗಿಸಿಕೊಂಡು, ಮೊಣಕೈ ಸ್ವಲ್ಪ ಮಡಿಚಿಕೊಳ್ಳುವ ಹಾಗೆ ಮಾಡಿಕೊಂಡರೆ ಬ್ಯಾಕ್‌ರೆಸ್ಟಿನ ಆಸೆಯೇ ಹೋಗಬಹುದು.

ನಾಲ್ಕನೆಯದು ಸೀಟಿನ ಫೋಮ್, ಇದು ಎಲ್ಲಕ್ಕಿಂತ ದೊಡ್ಡದು. ಮಂಡಿ ಮೊಹಲ್ಲಾದಂಥ ಕಡೆಯ ಕುಶನ್ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತರೆ ಇದರ ಪಾಠ ಕಣ್ಣಾರೆ ಸಿಗುತ್ತದೆ. ಕೆಲಸದವರು ಸೀಟನ್ನು ಬೋರಲು ಹಾಕಿ, ಅಂಚಿನ ಪಿನ್ನುಗಳನ್ನು ಸ್ಕ್ರೂಡ್ರೈವರಿನ ಮೊನೆಯಿಂದ ಒಂದೊಂದಾಗಿ ಎಬ್ಬಿಸಿ, ಪಕ್ಕಡದಿಂದ ಎಳೆಯುತ್ತಾರೆ. ರೆಕ್ಸಿನ್ ಸುಲಿದಾಗ ಒಳಗಿನ ಫೋಮ್‌ನಲ್ಲಿ ಎರಡು ಗುಳಿ ಕಾಣುತ್ತವೆ. ನಾಲ್ಕೈದು ವರ್ಷ ಅದೇ ಎರಡು ಎಲುಬು ಒತ್ತಿ ಒತ್ತಿ ಅಲ್ಲಿನ ಫೋಮ್ ಸತ್ತುಹೋಗಿರುತ್ತದೆ. ಬೆರಳಿಂದ ಒತ್ತಿದರೆ ಮತ್ತೆ ಏಳುವುದಿಲ್ಲ. ಗುಳಿಯ ಸುತ್ತ ಪೆನ್ನಿನಿಂದ ಗೆರೆ ಎಳೆದು, ಗರಗಸದ ಬ್ಲೇಡಿನಿಂದ ಆ ಭಾಗವನ್ನು ಕೊಯ್ದು ತೆಗೆದು, ಗಟ್ಟಿಯಾದ ರೀಬಾಂಡೆಡ್ ಫೋಮಿನ ತುಂಡನ್ನು ಅಂಟು ಸವರಿ ಕೂರಿಸುತ್ತಾರೆ. ಮೇಲೆ ತೆಳುವಾದ ಮೆತ್ತನೆಯ ಪದರ. ಅಂಚನ್ನು ಗ್ರೈಂಡರಿನಿಂದ ಉಜ್ಜಿ ಸಮ ಮಾಡಿ, ರೆಕ್ಸಿನ್ ಬಿಗಿಯಾಗಿ ಎಳೆದು ಮತ್ತೆ ಪಿನ್ ಹೊಡೆಯುತ್ತಾರೆ. ಗಿರಾಕಿಗಳು ಸಾಮಾನ್ಯವಾಗಿ "ಮೆತ್ತಗೆ ಮಾಡಿ" ಎನ್ನುತ್ತಾರೆ. ಅನುಭವಿ ಕೆಲಸಗಾರರು "ಮೆತ್ತಗೆ ಮಾಡಿದ್ರೆ ಒಂದು ತಿಂಗಳಿಗೆ ಕುಸಿಯುತ್ತೆ ಅಣ್ಣ" ಎಂದು ಒಪ್ಪುವುದಿಲ್ಲ. ಅವರ ಮಾತೇ ಸರಿ. ಮೆತ್ತನೆಯ ಸೀಟಿನಲ್ಲಿ ದೇಹ ಹೂತುಹೋಗಿ ಕಟಿ ಹಿಂದಕ್ಕೆ ವಾಲುತ್ತದೆ; ಗಟ್ಟಿ ಫೋಮ್ ಅಗಲಕ್ಕೆ ಭಾರ ಹಂಚಿ ಬೆನ್ನನ್ನು ನೆಟ್ಟಗಿಡುತ್ತದೆ. ಸೀಟಿನ ಹಿಂಭಾಗವನ್ನು ಒಂದು ಬೆರಳು ಎತ್ತರಿಸಿ, ಹಿಂದಿನ ಸೀಟು ಶುರುವಾಗುವ ಮೆಟ್ಟಿಲಿಗೆ ಒಂದಿಷ್ಟು ಮೈ ಕೊಟ್ಟರೆ, ಅಲ್ಲೇ ಒಂದು ಪುಟ್ಟ ಆಸರೆ ತಯಾರು. ಬೇರೆ ಬ್ಯಾಕ್‌ರೆಸ್ಟ್ ಬೇಡವೇ ಬೇಡ ಎನ್ನಿಸುವ ಆಸರೆ. ರಾಯಲ್ ಎನ್‌ಫೀಲ್ಡ್ ತನ್ನ ಗಾಡಿಗಳಿಗೆ ಬೇರೆಯಾಗಿ ಮಾರುವ ಟೂರಿಂಗ್ ಸೀಟು ಕೂಡ ಪರೀಕ್ಷಿಸಿ ನೋಡತಕ್ಕದ್ದು.

ಇಷ್ಟೆಲ್ಲ ಮಾಡಿಯೂ ನೋವು ಉಳಿದರೆ, ಗಾಡಿ ನೆಟ್ಟಗೆ ಕೂರುವ ಜಾತಿಯದಾಗಿದ್ದರೆ, ದೂರದ ಪ್ರಯಾಣ ಬಹುಪಾಲು ಒಂಟಿಯಾಗಿ ಮಾಡುವವರಾಗಿದ್ದರೆ, ಆಗ ಸವಾರನ ಬ್ಯಾಕ್‌ರೆಸ್ಟ್ ಕೈಹಿಡಿಯುತ್ತದೆ. ಮುಂದಕ್ಕೆ ಬಾಗಿ ಓಡಿಸುವ ಸ್ಪೋರ್ಟ್ಸ್ ಬೈಕಿನವರಿಗೆ ಇದರ ಗೊಡವೆ ಬೇಡ. ಅವರ ಬೆನ್ನು ಪ್ಯಾಡಿಗೆ ತಾಗುವುದೇ ಇಲ್ಲ.

ಒಳ್ಳೆಯ ಬ್ಯಾಕ್‌ರೆಸ್ಟಿನಲ್ಲಿ ಮೂರು ಅಂಗ. ಸೀಟಿನ ಕೆಳಗೆ ಚಾಸಿಗೆ ಬೋಲ್ಟ್ ಆಗುವ ತಳಪಟ್ಟಿ, ಅದರಿಂದ ಮೇಲೇಳುವ ಕಂಬ, ಕಂಬದ ತುದಿಯಲ್ಲಿ ಪ್ಯಾಡು. ಇವುಗಳಲ್ಲಿ ಎಲ್ಲರೂ ಪ್ಯಾಡನ್ನು ನೋಡುತ್ತಾರೆ, ನೋಡಬೇಕಾದದ್ದು ತಳಪಟ್ಟಿಯನ್ನು. ಸವಾರ ಹಿಂದಕ್ಕೆ ಒರಗಿದಾಗ, ಗಾಡಿ ಒಮ್ಮೆಗೇ ಮುನ್ನುಗ್ಗಿದಾಗ, ಬೀಳುವ ಬಲವೆಲ್ಲ ಆ ಬುಡದ ಎರಡೋ ನಾಲ್ಕೋ ಬೋಲ್ಟುಗಳ ಮೇಲೆ. ಕಂಬ ಉದ್ದವಾದಷ್ಟೂ ಬುಡಕ್ಕೆ ಬೀಳುವ ತಿರುಚು ಹೆಚ್ಚು. ಸೀಟಿನ ಪ್ಲಾಸ್ಟಿಕ್ ತಳಕ್ಕೆ ತೂತು ಕೊರೆದು ಬಿಗಿಸಿದ ಕಂಬ ಕೆಲವೇ ತಿಂಗಳಲ್ಲಿ ತಳವನ್ನು ಸೀಳುತ್ತದೆ. ಚಾಸಿಗೆ ವೆಲ್ಡಿಂಗ್ ಮಾಡಿಸುವುದಂತೂ ಕೂಡದು. ವೆಲ್ಡಿಂಗ್ ಶಾಖಕ್ಕೆ ಕೊಳವೆಯ ಉಕ್ಕು ಆ ಜಾಗದಲ್ಲಿ ಗುಣ ಬದಲಿಸಿಕೊಂಡು, ಕುಲುಕಾಟಕ್ಕೆ ಬಿರುಕು ಬಿಡುವ ಸಾಧ್ಯತೆ ಇರುತ್ತದೆ. ಚಾಸಿಯಲ್ಲಿ ಈಗಾಗಲೇ ಇರುವ ಬೋಲ್ಟ್ ಜಾಗಗಳನ್ನೇ ಬಳಸಿ, ತಳಪಟ್ಟಿಯನ್ನು ಅದಕ್ಕೆ ಹೊಂದುವ ಹಾಗೆ ಲೇತ್ ಅಂಗಡಿಯಲ್ಲಿ ಮಾಡಿಸಿಕೊಳ್ಳಬೇಕು.

ಮುಂದಿನ ಸೀಟು, ಹಿಂದಿನ ಸೀಟು ಬೇರೆ ಬೇರೆ ಇರುವ ಕ್ಲಾಸಿಕ್, ಮೀಟಿಯರ್‌ನಂಥವುಗಳಲ್ಲಿ ಕೆಲಸ ಸುಲಭ. ಎರಡರ ನಡುವಿನ ಸಂದಿನಿಂದ ಕಂಬ ಮೇಲೆ ಬರುತ್ತದೆ; ಸೀಟು ಕೊಯ್ಯಬೇಕಿಲ್ಲ. ಹಳೆಯ ಜಾವಾ, ಯೆಜ್ಡಿಗಳ ಒಂದೇ ಹಾಸಿನ ಸೀಟಿಗೆ ಇದು ಹೊಂದುವುದಿಲ್ಲ. ನಡುವೆ ಸೀಳು ಮಾಡಿ ಕಂಬ ಎಬ್ಬಿಸಿದರೆ ಮಳೆನೀರು ಇಳಿದು ಫೋಮ್ ಕೊಳೆಯುತ್ತದೆ, ಕೆಳಗಿನ ತಗಡು ತುಕ್ಕು ಹಿಡಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಯಾದವಗಿರಿಯಿಂದ ಹೊರಬಂದ ಸೀಟನ್ನು ಕೊಯ್ಯುವುದಕ್ಕೆ ಈ ಊರಿನವರಿಗೆ ಮನಸ್ಸಾದರೂ ಹೇಗೆ ಬರಬೇಕು? ಅಂಥ ಗಾಡಿಗೆ ಸೀಟಿನ ಮೇಲೆ ಪಟ್ಟಿಯಿಂದ ಬಿಗಿಯುವ, ಸೊಂಟದ ಮಟ್ಟದ ದಿಂಬೇ ಸಾಕು. ಒಂಟಿಯಾಗಿ ಹೋಗುವಾಗ ಹಿಂದಿನ ಸೀಟಿಗೆ ಬ್ಯಾಗನ್ನು ಗಟ್ಟಿಯಾಗಿ ಕಟ್ಟಿ ಅದಕ್ಕೆ ಒರಗುವುದು ಹಳೆಯ ಸವಾರರ ಉಪಾಯ. ಈಗಲೂ ಅದಕ್ಕೆ ಸಾಟಿ ಕಡಿಮೆ. 2018ರಲ್ಲಿ ಮರಳಿ ಬಂದ ಜಾವಾ ಹೆಸರಿನ ಗಾಡಿಗಳ ಪೈಕಿ 42 ಬಾಬರ್‌ನಲ್ಲಿ ಸವಾರನ ಸೀಟನ್ನೇ ಎರಡು ಹಂತದಲ್ಲಿ ಹಿಂದೆ ಮುಂದೆ ಮಾಡಿಕೊಳ್ಳುವ ವ್ಯವಸ್ಥೆ ಇದೆ. ಬ್ಯಾಕ್‌ರೆಸ್ಟ್ ಮಾರುವುದಕ್ಕಿಂತ ಇದು ಜಾಣ ವಿಚಾರ; ಬೇರೆ ಕಂಪನಿಗಳೂ ಅನುಸರಿಸಬೇಕು.

ಪ್ಯಾಡು ಎಲ್ಲಿ ನಿಲ್ಲಬೇಕು ಎನ್ನುವುದು ಇಡೀ ವಿಷಯದ ತಿರುಳು. ಸಹಜವಾಗಿ ಕೂತು, ಎರಡೂ ಕೈ ಹ್ಯಾಂಡಲ್ ಮೇಲಿಟ್ಟು, ಮೊಣಕೈ ಸಡಿಲ ಬಿಟ್ಟಾಗ ಪ್ಯಾಡು ಸೊಂಟಕ್ಕೆ ತಾಗಿಯೂ ತಾಗದಂತಿರಬೇಕು. ಅದಕ್ಕೆ ಒರಗಿದರೆ ಕೈ ಹ್ಯಾಂಡಲಿಂದ ದೂರವಾಗಬಾರದು. ತುಂಬ ಹಿಂದಿದ್ದರೆ ಒರಗುವ ಆಸೆಗೆ ಕೈ ಚಾಚಿ, ಗಾಡಿಯ ಮೇಲಿನ ಹಿಡಿತ ತಪ್ಪುತ್ತದೆ. ತುಂಬ ಮುಂದಿದ್ದರೆ ಸವಾರ ಟ್ಯಾಂಕಿನ ಕಡೆ ನೂಕಲ್ಪಟ್ಟು ಹಿಂದೆ ಮುಂದೆ ಸರಿಯಲು ಆಗದು, ಹಂಪ್‌ನಲ್ಲಿ ಮೇಲೇಳಲು ಆಗದು. ಹೀಗಾಗಿ ಎತ್ತರ ಮತ್ತು ಮುಂದೆ ಹಿಂದೆ, ಎರಡೂ ಬದಲಿಸುವ ಅವಕಾಶ ಇರುವ ಬ್ಯಾಕ್‌ರೆಸ್ಟನ್ನೇ ಆರಿಸಬೇಕು. ಪ್ಯಾಡು ತನ್ನ ಕೀಲಿನಲ್ಲಿ ಒಂದಿಷ್ಟು ಮೇಲೆ ಕೆಳಗೆ ತೂಗಿದರೆ ಇನ್ನೂ ಒಳ್ಳೆಯದು. ಬೆನ್ನು ಅಲುಗಿದಂತೆ ಅದೂ ಹೊಂದಿಕೊಳ್ಳುತ್ತದೆ. ಮಸಿನಗುಡಿಯಿಂದ ಕಲ್ಲಟ್ಟಿಯ 36 ಹೇರ್‌ಪಿನ್ ತಿರುವು ಏರುವಾಗ ದೇಹ ಹಿಂದಕ್ಕೆ ಜಾರುತ್ತದಲ್ಲ, ಅಲ್ಲಿ ಈ ಪ್ಯಾಡಿನ ಬೆಲೆ ಗೊತ್ತಾಗುತ್ತದೆ. ಇಳಿಜಾರಿನಲ್ಲಿ ದೇಹ ಮುಂದಕ್ಕೆ ಬರುವುದರಿಂದ ಅದರ ಉಪಯೋಗ ಸೊನ್ನೆ. ಆಗ ಮಂಡಿಯಿಂದ ಟ್ಯಾಂಕನ್ನು ಅಪ್ಪಿ ಹಿಡಿಯುವುದೇ ಗತಿ.

ಈಗ ಯಾರೂ ಕೇಳದ, ಆದರೆ ಕೇಳಲೇಬೇಕಾದ ಮಾತು. ಹಿಂದೆ ಕೂರುವವರು?

ನಮ್ಮ ಊರಿನಲ್ಲಿ ಬೈಕ್ ಎಂದರೆ ಭಾನುವಾರದ ಹವ್ಯಾಸ ಮಾತ್ರವಲ್ಲ. ಅದೇ ಗಾಡಿಯಲ್ಲಿ ಹೆಂಡತಿ ಕೆಲಸಕ್ಕೆ ಹೋಗಬೇಕು, ಅಮ್ಮ ನಂಜನಗೂಡಿಗೋ ಚಾಮುಂಡಿ ಬೆಟ್ಟಕ್ಕೋ ಹೋಗಬೇಕು. ಸೀರೆ ಉಟ್ಟವರು ಒಂದೇ ಕಡೆಗೆ ಕಾಲು ಇಳಿಬಿಟ್ಟು ಕೂರುತ್ತಾರೆ. ಒಂದು ಕೈ ಸವಾರನ ಭುಜದ ಮೇಲೆ, ಇನ್ನೊಂದು ಹಿಂದಿನ ಹಿಡಿಕೆಯ ಮೇಲೆ. ಇಬ್ಬರ ನಡುವೆ ಕಬ್ಬಿಣದ ಕಂಬ ಎದ್ದರೆ ಬ್ರೇಕ್ ಹಾಕಿದಾಗಲೆಲ್ಲ ಅವರ ಪಕ್ಕೆಲುಬು ಹೋಗಿ ಬಡಿಯುವುದು ಅದರ ಅಂಚಿಗೆ. ಎರಡೂ ಕಡೆ ಕಾಲು ಹಾಕಿ ಕೂರುವವರಿಗೆ ಹೊಟ್ಟೆಗೆ, ಮಕ್ಕಳಿಗಾದರೆ ಮುಖಕ್ಕೇ. ಸವಾರನ ಬೆನ್ನಿನ ಸುಖಕ್ಕಾಗಿ ಹಿಂದಿನವರ ಪಕ್ಕೆಗೆ ಅಪಾಯ ತರುವುದು ತಪ್ಪು. ಪ್ಯಾಡಿನ ಹಿಂಬದಿಗೂ ಮುಂಬದಿಯಷ್ಟೇ ದಪ್ಪ ಫೋಮ್ ಇರಬೇಕು, ಕಂಬದ ಅಂಚು ಎಲ್ಲೂ ಬೋಳಾಗಿ ಕಾಣಬಾರದು, ಅವರು ಕೂರುವಾಗ ಪ್ಯಾಡನ್ನು ಪೂರ್ತಿ ಮಡಿಚಲು ಅಥವಾ ಕಿತ್ತು ಮನೆಯಲ್ಲಿಡಲು ಬರಬೇಕು. ಪಿನ್ ಎಳೆದರೆ ಕಳಚಿ ಬರುವ ಮಾದರಿಯೇ ನಮ್ಮ ಮನೆಗಳಿಗೆ ತಕ್ಕದ್ದು ಎಂಬುದು ಈ ಅಂಕಣದ ಖಚಿತ ಅಭಿಪ್ರಾಯ. ಕಳಚಲು ಬಾರದ್ದನ್ನು, ಎಷ್ಟೇ ಚೆಂದವಿರಲಿ, ಹಾಕಿಸಬಾರದು.

ಕಾನೂನೂ ಹಿಂದೆ ಕೂರುವವರ ಪರವಾಗಿಯೇ ಇದೆ. 1988ರ ಮೋಟಾರು ವಾಹನ ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ ಹಿಂಬದಿ ಸವಾರ ಕೂರಬೇಕಾದದ್ದು ಚಾಲಕನ ಸೀಟಿನ ಹಿಂದೆ ಭದ್ರವಾಗಿ ಕೂರಿಸಿದ ಸರಿಯಾದ ಸೀಟಿನ ಮೇಲೆ. ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಅವರಿಗೆ ಹಿಡಿಕೆ, ಫುಟ್‌ರೆಸ್ಟ್ ಮತ್ತು ಬಟ್ಟೆ ಸಿಕ್ಕಿಕೊಳ್ಳದ ಹಾಗೆ ಹಿಂದಿನ ಚಕ್ರಕ್ಕೆ ಅರ್ಧದಷ್ಟಾದರೂ ಮರೆ ಇರಬೇಕೆನ್ನುತ್ತದೆ. ಬ್ಯಾಕ್‌ರೆಸ್ಟ್ ಕೂರಿಸುವ ಭರದಲ್ಲಿ ಸ್ಯಾರಿ ಗಾರ್ಡ್, ಹಿಡಿಕೆ ಬಿಚ್ಚಿ ಮೂಲೆಗೆ ಎಸೆಯುವ ಗ್ಯಾರೇಜುಗಳಿವೆ. ಹಾಗೆ ಮಾಡಲು ಬಿಡಬಾರದು. ಇನ್ನು 52ನೇ ಸೆಕ್ಷನ್. ತಯಾರಕರು ಕೊಟ್ಟ ಮೂಲ ವಿವರಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ವ್ಯತ್ಯಾಸವಾಗುವಂತೆ ಗಾಡಿ ಮಾರ್ಪಡಿಸುವುದನ್ನು ಅದು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನು ಕಟ್ಟುನಿಟ್ಟಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡಕ್ಕೂ ಅವಕಾಶ ಕೊಟ್ಟಿದೆ. ಬಿಚ್ಚಿ ಹಾಕುವ ಪ್ಯಾಡು ಆರ್‌ಸಿಯ ಯಾವ ವಿವರವನ್ನೂ ಮುಟ್ಟುವುದಿಲ್ಲ. ಚಾಸಿ ಕೊಯ್ಯುವುದು, ಹಿಂದಿನ ಸೀಟನ್ನೇ ತೆಗೆದು ಒಂಟಿ ಸೀಟು ಮಾಡುವುದು ಬೇರೆ ಮಾತು. ಅಂಥ ಆಲೋಚನೆ ಇದ್ದವರು ಗಾಡಿ ಮುಟ್ಟುವ ಮೊದಲು, ನೋಂದಣಿ ಕೆಎ 09 ಇರಲಿ ಕೆಎ 55 ಇರಲಿ, ತಮ್ಮ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಬೇಕು.

ಹತ್ತಿ ಇಳಿಯುವುದನ್ನು ಅಂಗಡಿಯಲ್ಲಿ ಯಾರೂ ನೆನಪಿಸುವುದಿಲ್ಲ. ಬೈಕ್ ಹತ್ತುವಾಗ ಬಲಗಾಲು ಸೀಟಿನ ಮೇಲಿಂದ ಹಾಯಬೇಕು. ಪ್ಯಾಡು ಒಂದು ಗೇಣು ಎದ್ದಿದ್ದರೆ ಕಾಲೂ ಅಷ್ಟು ಮೇಲೇಳಬೇಕು. ಮಂಡಿನೋವು, ಸೊಂಟನೋವು ಇದ್ದವರಿಗೆ ಇದೇ ಹೊಸ ನೋವು ತರಬಹುದು. ಬೂಟಿನ ತುದಿ ಪ್ಯಾಡಿಗೆ ಸಿಕ್ಕಿ 190 ಕಿಲೋ ತೂಗುವ ಗಾಡಿಯೊಡನೆ ಪಕ್ಕಕ್ಕೆ ವಾಲಿದರೆ ಎತ್ತುವವರು ಬೇಕು. ಪ್ಯಾಡು ಹಿಂದಿನ ಸೀಟಿನ ಮೇಲೆ ಮಲಗುವ ಹಾಗಿದ್ದರೆ ಈ ತೊಂದರೆಯಿಲ್ಲ. ಕೂತ ಮೇಲೆ ಕೈ ಹಿಂದೆ ಚಾಚಿ ಅದನ್ನು ಎಬ್ಬಿಸಿಕೊಳ್ಳಬಹುದು, ಇಳಿಯುವ ಮುಂಚೆ ಮಲಗಿಸಬಹುದು.

ಸೊಂಟಕ್ಕೆ ಕಟ್ಟುವ ಬೆಲ್ಟಿನ ಬಗ್ಗೆಯೂ ಕೆಲವರು ಕೇಳುತ್ತಾರೆ. ಕುಲುಕಾಟದ ದಾರಿಯಲ್ಲಿ ಅದು ಹೊಟ್ಟೆ, ಬೆನ್ನಿನ ಸ್ನಾಯುಗಳನ್ನು ಹಿಡಿದಿಡುತ್ತದೆ, ಕೆಲವರಿಗೆ ಹಿತವೂ ಹೌದು. ದಿನವಿಡೀ ಬಿಗಿದುಕೊಂಡಿರಬಾರದು. ನೋವು ತೊಡೆ, ಮೀನಖಂಡದವರೆಗೆ ಇಳಿಯುತ್ತಿದ್ದರೆ, ಪಾದ ಜೋಮು ಹಿಡಿಯುತ್ತಿದ್ದರೆ ಸೀಟು, ಬೆಲ್ಟು, ಬ್ಯಾಕ್‌ರೆಸ್ಟ್ ಎಲ್ಲವನ್ನೂ ಬದಿಗಿಟ್ಟು ಮೂಳೆ ವೈದ್ಯರನ್ನು ನೋಡಬೇಕು. ಇದರಲ್ಲಿ ಎರಡು ಮಾತಿಲ್ಲ.

ದುಡ್ಡು ಕೊಟ್ಟು ಹಾಕಿಸುವ ಮುಂಚೆ ಒಂದು ಪರೀಕ್ಷೆ ಸಾಧ್ಯ. ಗಟ್ಟಿ ಫೋಮಿನ ತುಂಡೊಂದನ್ನು ಬಟ್ಟೆಯಲ್ಲಿ ಸುತ್ತಿ, ಹಿಂದಿನ ಸೀಟಿಗೆ ಕಟ್ಟಿದ ಬ್ಯಾಗಿನ ಮುಂಭಾಗಕ್ಕೆ ಸೊಂಟದ ಮಟ್ಟದಲ್ಲಿ ಬಿಗಿದುಕೊಂಡು, ನಂಜನಗೂಡಿನವರೆಗೆ ಹೋಗಿ ಬಂದರೆ ಐವತ್ತು ಕಿ.ಮೀ. ಹತ್ತಿರವಾಗುತ್ತದೆ. ಹೋಗುವಾಗ ಆಸರೆ ಇಟ್ಟು, ಬರುವಾಗ ತೆಗೆದು ಓಡಿಸಿದರೆ ವ್ಯತ್ಯಾಸ ಸೊಂಟಕ್ಕೇ ತಿಳಿಯುತ್ತದೆ. ವ್ಯತ್ಯಾಸ ಕಾಣದಿದ್ದರೆ ಆ ಹಣ ಕುಶನ್ ಅಂಗಡಿಗೆ ಹೋಗಲಿ. ಕಂಡರೆ, ಹಾಕಿಸುವ ದಿನ ಗಾಡಿಯ ಜೊತೆ ಹಿಂದೆ ಕೂರುವವರನ್ನೂ ಕರೆದುಕೊಂಡು ಹೋಗಬೇಕು. ಅವರು ಕೂತು, ಇಳಿದು, ಸರಿ ಎಂದ ಮೇಲೆಯೇ ಬೋಲ್ಟು ಬಿಗಿಸಬೇಕು. ನೈಲಾಕ್ ನಟ್ಟುಗಳನ್ನೇ ಹಾಕುವಂತೆ ಹೇಳಬೇಕು, ಸಾದಾ ನಟ್ಟು ಕುಲುಕಾಟಕ್ಕೆ ಸಡಿಲವಾಗುತ್ತದೆ. ಮೊದಲ ಇನ್ನೂರು ಕಿ.ಮೀ. ಆದ ಮೇಲೆ ಒಮ್ಮೆ, ಆಮೇಲೆ ಪ್ರತಿ ಸರ್ವಿಸಿನಲ್ಲೂ ಸೀಟು ಎತ್ತಿಸಿ ಸ್ಪ್ಯಾನರ್ ಹಾಕಿಸಿ ನೋಡಬೇಕು.